ಮುಟ್ಟು ನಿಲ್ಲುವ ಕಾಲಕ್ಕೆ ಮನೆಮಂದಿಯ ತಯಾರಿ

ಫೆಬ್ರವರಿ ತಿಂಗಳ ನಡುವೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸಂತ ಸೇವಾಲಾಲರು 1739ರ ಫೆಬ್ರವರಿ 15ರಂದು ಹುಟ್ಟಿದ ನೆಲ ಇದೆಂದು ಬಂಜಾರ ಸಮುದಾಯ ನಂಬಿ ನಡೆದುಕೊಳ್ಳುತ್ತದೆ. ನಮ್ಮ ಹೊನ್ನಾಳಿ, ಚನ್ನಗಿರಿ, ಜಗಳೂರು ಕಡೆಯ ತಾಂಡಾಗಳಿಂದ ಮಾತ್ರವಲ್ಲದೆ ದೂರದ ಜಿಲ್ಲೆಗಳಿಂದಲೂ, ನೆರೆರಾಜ್ಯಗಳಿಂದಲೂ ಜನ ಬರುತ್ತಾರೆ. ಮಾಲೆ ಧರಿಸಿ ನಡೆದೇ ಬರುವವರೂ ಇದ್ದಾರೆ. ಜಾತ್ರೆ ಯಾವುದೇ ಇರಲಿ, ಸಂಸಾರ ಕಟ್ಟಿಕೊಂಡು ಬರುವ ಭಾರವೆಲ್ಲ ಮನೆಯ ನಡುವಯಸ್ಸಿನ ಹೆಂಗಸಿನ ಮೇಲೆ. ಬುತ್ತಿ ಕಟ್ಟುವವಳು ಅವಳು, ಮೊಮ್ಮಕ್ಕಳ ಕೈ ಹಿಡಿಯುವವಳು ಅವಳು, ಮುದುಕರನ್ನು ನೆರಳಲ್ಲಿ ಕೂರಿಸುವವಳೂ ಅವಳೇ.

ನಲವತ್ತರಿಂದ ಐವತ್ತೈದರ ನಡುವಿನ ಈ ಹೆಂಗಸರಲ್ಲಿ ಬಹಳ ಮಂದಿ ದೇಹದ ಒಂದು ದೊಡ್ಡ ಬದಲಾವಣೆಯನ್ನು ದಾಟುತ್ತಿರುತ್ತಾರೆ. ಹುಡುಗಿ ಮೈನೆರೆದರೆ ಚಪ್ಪರ ಹಾಕಿ ಆರತಿ ಮಾಡುವ ಊರುಗಳಿವೆ. ಬಸುರಿಗೆ ಸೀಮಂತ, ಬಾಣಂತಿಗೆ ಎಣ್ಣೆನೀರು, ಖಾರ, ಆರೈಕೆ. ಆದರೆ ಮುಟ್ಟು ನಿಲ್ಲುವ ಕಾಲಕ್ಕೆ ಶಾಸ್ತ್ರವೂ ಇಲ್ಲ, ಆರೈಕೆಯೂ ಇಲ್ಲ, ಮಾತೂ ಇಲ್ಲ. ಹೆಂಗಸು ತನ್ನಷ್ಟಕ್ಕೆ ತಾನು ಸೆರಗಿನಿಂದ ಬೆವರು ಒರೆಸಿಕೊಂಡು ಒಲೆಯ ಮುಂದೆ ಕೂರುತ್ತಾಳೆ.

ಎಪ್ಪತ್ತು ದಾಟಿದ ಗಂಡಸಿಗೆ ಈ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ನಾನು ವೈದ್ಯನಲ್ಲ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿದವನು. ಚಿನ್ನದ ಸಾಲದ ಕೌಂಟರಿನಲ್ಲಿ ಕೂತವರಿಗೆ ಊರಿನ ಕಷ್ಟಗಳೆಲ್ಲ ಒಂದೊಂದಾಗಿ ಎದುರಿಗೆ ಬರುತ್ತವೆ. ಬೀಜ ಗೊಬ್ಬರ, ಮಗಳ ಮದುವೆ, ಮಗನ ಫೀಸು. ಇವುಗಳ ನಡುವೆ ಮತ್ತೆ ಮತ್ತೆ ಕೇಳಿಬರುತ್ತಿದ್ದ ಇನ್ನೊಂದು ಕಾರಣ, ಹೆಂಡತಿಯ ಗರ್ಭಕೋಶದ ಆಪರೇಷನ್. ಮೂವತ್ತೈದು, ನಲವತ್ತರ ಹೆಂಗಸು ತನ್ನ ಕೊರಳಿನದನ್ನೇ ಬಿಚ್ಚಿ ತಕ್ಕಡಿಗೆ ಇಡುತ್ತಿದ್ದಳು. ಆ ಆಪರೇಷನ್‌ಗಳಲ್ಲಿ ಬೇಕಾದದ್ದು ಯಾವುದು, ಬೇಡದ್ದು ಯಾವುದು ಎಂದು ಹೇಳಲು ನಾನು ಯಾರು? ಆದರೆ ಮುಟ್ಟು ನಿಲ್ಲುವ ಕಾಲದಲ್ಲಿ ಸಹಜವಾದದ್ದು ಯಾವುದು, ಸಹಜವಲ್ಲದ್ದು ಯಾವುದು ಎಂದು ತಿಳಿದ ಮನೆ ಅಷ್ಟು ಸುಲಭವಾಗಿ ಹೆದರುವುದಿಲ್ಲ. ಹೆದರಿಕೆ ಇಲ್ಲದ ಮನೆಯ ಒಡವೆಯೂ ಉಳಿಯುತ್ತದೆ, ದೇಹವೂ ಉಳಿಯುತ್ತದೆ. ಈ ಬರಹದ ಉದ್ದೇಶ ಅಷ್ಟೇ.

ಜಮಾ ಇಲ್ಲದ ಖಾತೆ

ಹೆಣ್ಣುಮಗು ಹುಟ್ಟುವಾಗಲೇ ಅವಳ ಅಂಡಾಶಯಗಳಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ಅಂಡಾಣುಗಳಿರುತ್ತವೆ. ಆಮೇಲೆ ಹೊಸದಾಗಿ ಒಂದೂ ಸೇರುವುದಿಲ್ಲ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ಒಮ್ಮೆ ಮಾತ್ರ ಜಮಾ ಆಗಿ, ನಂತರ ಖರ್ಚು ಮಾತ್ರ ಬೀಳುವ ಖಾತೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿದಿರುತ್ತವೆ. ಜೀವಮಾನದಲ್ಲಿ ತಿಂಗಳಿಗೊಂದರಂತೆ ಹೊರಬೀಳುವವು 400ರಿಂದ 500 ಮಾತ್ರ. ಉಳಿದವು ತಾವಾಗಿಯೇ ಕರಗಿಹೋಗುತ್ತವೆ. ನಲವತ್ತರ ಆಚೆ ಬಾಕಿ ತೀರ ಕಡಿಮೆಯಾದಾಗ ಅಂಡಾಶಯಗಳು ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳನ್ನು ಮೊದಲಿನಂತೆ ಕೊಡುವುದಿಲ್ಲ. ಒಂದು ತಿಂಗಳು ಹೆಚ್ಚು, ಇನ್ನೊಂದು ತಿಂಗಳು ಕಡಿಮೆ. ಕೊನೆಗೆ ಒಂದು ದಿನ ಮುಟ್ಟು ನಿಂತುಹೋಗುತ್ತದೆ.

ಹನ್ನೆರಡು ತಿಂಗಳು ಸತತವಾಗಿ ಮುಟ್ಟು ಬಾರದಿದ್ದರೆ ಅದಕ್ಕೆ ಋತುಬಂಧ ಅಥವಾ ಮೆನೋಪಾಸ್ ಎನ್ನುತ್ತಾರೆ. ಹನ್ನೊಂದನೆಯ ತಿಂಗಳಲ್ಲಿ ಒಮ್ಮೆ ಕಾಣಿಸಿಕೊಂಡರೆ ಲೆಕ್ಕ ಮತ್ತೆ ಒಂದರಿಂದ ಶುರು. ಹೀಗಾಗಿ ಋತುಬಂಧದ ದಿನ ಗೊತ್ತಾಗುವುದು ವರ್ಷ ಕಳೆದ ಮೇಲೆಯೇ. ಅದಕ್ಕೆ ಮೊದಲಿನ ಏರುಪೇರಿನ ವರ್ಷಗಳಿಗೆ ಪೆರಿಮೆನೋಪಾಸ್ ಎಂದು ಹೆಸರು. ಕನ್ನಡದಲ್ಲಿ ಋತುಬಂಧಪೂರ್ವ ಕಾಲ ಎನ್ನಬಹುದು. ಇದು ಕೆಲವರಿಗೆ ಒಂದೆರಡು ವರ್ಷ, ಕೆಲವರಿಗೆ ಏಳೆಂಟು ವರ್ಷ. ಹೆಚ್ಚಿನವರಿಗೆ ತೊಂದರೆ ಕಾಣುವುದು ಮುಟ್ಟು ನಿಂತ ಮೇಲಲ್ಲ, ಇನ್ನೂ ಬರುತ್ತಿರುವ ಈ ವರ್ಷಗಳಲ್ಲಿ. ಆದ್ದರಿಂದಲೇ ಗುರುತು ಸಿಕ್ಕುವುದಿಲ್ಲ.

ವಯಸ್ಸು ಎಷ್ಟು? ಸುಶ್ರುತ ಸಂಹಿತೆ ಮುಟ್ಟಿನ ಕಾಲವನ್ನು ಹನ್ನೆರಡರಿಂದ ಐವತ್ತು ವರ್ಷ ಎಂದು ಹೇಳಿದೆ. ಈಗಿನ ವೈದ್ಯರು ಸಾಮಾನ್ಯವಾಗಿ 45ರಿಂದ 55ರ ನಡುವೆ ಎನ್ನುತ್ತಾರೆ. ಪಶ್ಚಿಮದ ದೇಶಗಳಲ್ಲಿ ಸರಾಸರಿ 51ರ ಆಸುಪಾಸು ಇದ್ದರೆ ನಮ್ಮ ದೇಶದಲ್ಲಿ 46, 47ರ ಸುತ್ತ. ಅಂದರೆ ನಾವು ನಾಲ್ಕೈದು ವರ್ಷ ಮುಂಚೆಯೇ ಸಿದ್ಧರಾಗಬೇಕು. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯ ಸಂಶೋಧಕರು 1998-99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಇಟ್ಟುಕೊಂಡು 2005ರಲ್ಲಿ ಒಂದು ಲೇಖನ ಪ್ರಕಟಿಸಿದರು. 30ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಆಗಲೇ ಮುಟ್ಟು ನಿಂತಿತ್ತೆಂದು ಅದರಲ್ಲಿತ್ತು. ಹಳ್ಳಿಯವರು, ಬಡವರು, ಶಾಲೆ ಕಾಣದವರಿಗೆ ಬೇಗ ನಿಲ್ಲುವುದೂ ಕಂಡುಬಂದಿತ್ತು. ಧೂಮಪಾನ ಮಾಡುವವರಿಗೆ ಒಂದೆರಡು ವರ್ಷ ಮುಂಚೆಯೇ ನಿಲ್ಲುತ್ತದೆ. 45ಕ್ಕಿಂತ ಮೊದಲು ನಿಂತರೆ ಬೇಗ ಬಂದದ್ದು ಎಂದೂ, 40ಕ್ಕಿಂತ ಮೊದಲು ನಿಂತರೆ ಅಕಾಲಿಕವೆಂದೂ ಲೆಕ್ಕ. ಅಕಾಲಿಕವಾಗಿ ನಿಂತರೆ ಡಾಕ್ಟರನ್ನು ಕಾಣಲೇಬೇಕು.

ಗುರುತುಗಳು ಯಾವುವು?

ಮೊದಲ ಗುರುತು ಮುಟ್ಟಿನ ತಾರೀಖಿನಲ್ಲೇ ಇರುತ್ತದೆ. ಇಪ್ಪತ್ತೆಂಟು ದಿನಕ್ಕೆ ಸರಿಯಾಗಿ ಬರುತ್ತಿದ್ದದ್ದು ಒಮ್ಮೆ ಇಪ್ಪತ್ತೊಂದಕ್ಕೆ, ಒಮ್ಮೆ ನಲವತ್ತಕ್ಕೆ ಬರುತ್ತದೆ. ಒಂದು ತಿಂಗಳು ಎರಡೇ ದಿನ, ಇನ್ನೊಂದು ತಿಂಗಳು ವಾರ.

ಎರಡನೆಯದು ಮೈಬಿಸಿ. ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಮುಖಕ್ಕೆ ಬೆಂಕಿ ಏರಿದ ಹಾಗೆ ಆಗಿ, ಬೆವರು ಕಿತ್ತುಕೊಂಡು, ಒಂದರಿಂದ ಐದು ನಿಮಿಷದಲ್ಲಿ ಇಳಿಯುತ್ತದೆ. ಆಮೇಲೆ ಚಳಿಯಾಗುವುದೂ ಉಂಟು. ಮಾಗಿ ಚಳಿಯ ರಾತ್ರಿಯಲ್ಲಿ ಎಲ್ಲರೂ ಕಂಬಳಿ ಹೊದ್ದಿರುವಾಗ ಅವಳೊಬ್ಬಳು ಬೆವೆತು ಎದ್ದು ಕೂರುತ್ತಾಳೆ. ಜ್ವರವೂ ಅಲ್ಲ, ಗಾಳಿಯೂ ಅಲ್ಲ. ಮಿದುಳಿನಲ್ಲಿ ಮೈಯ ಶಾಖವನ್ನು ಹದದಲ್ಲಿಡುವ ಜಾಗಕ್ಕೆ ಹಾರ್ಮೋನಿನ ಏರುಪೇರಿನಿಂದ ಲೆಕ್ಕ ತಪ್ಪಿ, ಇಲ್ಲದ ಸೆಕೆಯನ್ನು ಇದೆ ಎಂದುಕೊಂಡು ಬೆವರು ಹರಿಸುತ್ತದೆ.

ಮೂರನೆಯದು ನಿದ್ದೆ ಮತ್ತು ಮನಸ್ಸು. ನಡುರಾತ್ರಿ ಎಚ್ಚರ, ಸಣ್ಣ ಮಾತಿಗೆ ಸಿಟ್ಟು, ಕಾರಣವಿಲ್ಲದ ಅಳು, ಒಗ್ಗರಣೆಗಿಟ್ಟದ್ದು ಮರೆತುಹೋಗುವುದು, ಎದೆ ಡವಗುಟ್ಟುವುದು. ಮರೆವಿಗೆ ಹೆದರಬೇಕಾಗಿಲ್ಲ, ನಿದ್ದೆಗೆಟ್ಟವರಿಗೆ ಯಾರಿಗೇ ಆದರೂ ಆಗುವಂಥದ್ದೇ ಬಹುಪಾಲು.

ನಾಲ್ಕನೆಯದು ಹೆಂಗಸರು ತಮ್ಮತಮ್ಮಲ್ಲೂ ಹೇಳಿಕೊಳ್ಳದ್ದು. ಒಳಭಾಗ ಒಣಗಿ ಉರಿಯುವುದು, ಮೂತ್ರ ತಡೆಯಲಾಗದಿರುವುದು, ಕೆಮ್ಮಿದರೆ ಸೀನಿದರೆ ಹನಿಯುವುದು, ಪದೇ ಪದೇ ಮೂತ್ರದ ಸೋಂಕು, ಗಂಡಹೆಂಡಿರ ಸಂಬಂಧದಲ್ಲಿ ನೋವು. ಮೈಬಿಸಿ ಕಾಲಕ್ರಮೇಣ ಇಳಿಯುತ್ತದೆ. ಇವು ತಾವಾಗಿ ಇಳಿಯುವುದು ಕಡಿಮೆ. ಆದರೆ ಸುಲಭದ ಚಿಕಿತ್ಸೆ ಇದೆ. ಮುಲಾಮು ಹಚ್ಚಿದರೆ ಹೋಗುವ ತೊಂದರೆಯನ್ನು ನಾಚಿಕೆಗೆ ಹತ್ತು ವರ್ಷ ಹೊತ್ತವರು ನಮ್ಮ ಮನೆಗಳಲ್ಲೇ ಇದ್ದಾರೆ.

ಇವುಗಳ ಜೊತೆಗೆ ಕೀಲುನೋವು, ಹೊಟ್ಟೆಯ ಸುತ್ತ ಬೊಜ್ಜು, ಚರ್ಮ ಒಣಗುವುದು, ಕೂದಲು ತೆಳ್ಳಗಾಗುವುದು ಕೆಲವರಿಗೆ. ಎಲ್ಲರಿಗೂ ಎಲ್ಲವೂ ಬರುವುದಿಲ್ಲ. ಏನೂ ಗೊತ್ತಾಗದೆ ದಾಟಿದ ಪುಣ್ಯವಂತರೂ ಇದ್ದಾರೆ.

ಒಂದು ಎಚ್ಚರಿಕೆ. ಥೈರಾಯ್ಡ್ ಏರುಪೇರು, ರಕ್ತಹೀನತೆ, ಸಕ್ಕರೆ ಕಾಯಿಲೆ, ಇವೂ ಇದೇ ವೇಷದಲ್ಲಿ ಬರುತ್ತವೆ. ನಲವತ್ತು ದಾಟಿದವಳ ಸುಸ್ತನ್ನೆಲ್ಲ ಮುಟ್ಟು ನಿಲ್ಲುವ ಕಾಲದ ತಲೆಗೆ ಕಟ್ಟದೆ ಒಮ್ಮೆ ರಕ್ತಪರೀಕ್ಷೆ ಮಾಡಿಸಬೇಕು.

ಎರಡು ರೂಪಾಯಿಯ ಪೆನ್ನು, ಹತ್ತು ರೂಪಾಯಿಯ ಪುಸ್ತಕ

ನನಗೆ ಗೊತ್ತಿರುವ ವಿದ್ಯೆ ಲೆಕ್ಕ ಬರೆಯುವುದು. ಈ ವಿಷಯದಲ್ಲಿ ಅದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ. ಮೂವತ್ತೆಂಟು, ನಲವತ್ತು ತುಂಬಿದ ಹೆಂಗಸು ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಲಿ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ ಗುರುತು ಹಾಕಿದರೂ ಸರಿ. ಬರೆಯಬೇಕಾದದ್ದು ನಾಲ್ಕೇ ಸಂಗತಿ: ಶುರುವಾದ ತಾರೀಖು, ಎಷ್ಟು ದಿನ, ದಿನಕ್ಕೆ ಎಷ್ಟು ಬಟ್ಟೆ ಅಥವಾ ಪ್ಯಾಡ್, ಬೇರೆ ತೊಂದರೆ ಏನಾದರೂ.

ಉದಾಹರಣೆಗೆ ಜನವರಿ 4, ಜನವರಿ 29, ಮಾರ್ಚ್ 18, ಏಪ್ರಿಲ್ 8 ಎಂದು ಬರೆದಿದೆ ಎನ್ನಿ. ಅಂತರ ಕೂಡಿದರೆ 25 ದಿನ, 48 ದಿನ, 21 ದಿನ. ಒಂದು ಅಂತರಕ್ಕೂ ಮುಂದಿನದಕ್ಕೂ ಏಳು ದಿನ ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸ ಮತ್ತೆ ಮತ್ತೆ ಕಂಡರೆ ಬದಲಾವಣೆಯ ಕಾಲ ಶುರುವಾಗಿದೆ ಎಂದು ವೈದ್ಯರು ತಿಳಿಯುತ್ತಾರೆ. ಅಂತರ ಅರವತ್ತು ದಿನ ದಾಟತೊಡಗಿದರೆ ಸಾಮಾನ್ಯವಾಗಿ ಇನ್ನು ಒಂದರಿಂದ ಮೂರು ವರ್ಷದಲ್ಲಿ ನಿಲ್ಲುತ್ತದೆ. ನಲವತ್ತೈದು ದಾಟಿದವರಲ್ಲಿ ಇಷ್ಟು ಗುರುತು ಸಾಕು. ದುಬಾರಿ ಹಾರ್ಮೋನ್ ಪರೀಕ್ಷೆ ಹೆಚ್ಚಿನವರಿಗೆ ಬೇಕಾಗುವುದಿಲ್ಲ.

ಓದು ಬರಹ ಬಾರದ ಅವ್ವನಿಗೆ ಮಗಳೋ ಸೊಸೆಯೋ ಬರೆದುಕೊಡಬಹುದು. ಈ ಪುಸ್ತಕ ಹಿಡಿದು ಡಾಕ್ಟರ ಮುಂದೆ ಕೂತ ಹೆಂಗಸಿನ ಮಾತಿಗೆ ತೂಕವಿರುತ್ತದೆ. "ಬಹಳ ಹೋಗ್ತದೆ ಸರ್" ಎನ್ನುವುದಕ್ಕೂ, "ಹೋದ ತಿಂಗಳು ಒಂಬತ್ತು ದಿನ, ದಿನಕ್ಕೆ ಎಂಟು ಪ್ಯಾಡ್" ಎನ್ನುವುದಕ್ಕೂ ವ್ಯತ್ಯಾಸವಿದೆ.

ಇನ್ನೊಂದು ಮಾತು. ಮುಟ್ಟು ಏರುಪೇರಾದರೂ ಬಸುರಾಗುವ ಸಂಭವ ಪೂರ್ತಿ ಹೋಗಿರುವುದಿಲ್ಲ. ಮಕ್ಕಳಾಗದ ಆಪರೇಷನ್ ಮಾಡಿಸಿಕೊಳ್ಳದವರು ಐವತ್ತರೊಳಗೆ ಮುಟ್ಟು ನಿಂತರೆ ಎರಡು ವರ್ಷ, ಐವತ್ತರ ನಂತರ ನಿಂತರೆ ಒಂದು ವರ್ಷ ಎಚ್ಚರ ವಹಿಸಬೇಕು ಎನ್ನುತ್ತಾರೆ.

ತಡ ಮಾಡಬಾರದ್ದು

ಕೆಲವನ್ನು ಮಾತ್ರ "ವಯಸ್ಸಾಯ್ತಲ್ಲ, ಹೀಗೇ" ಎಂದು ಬಿಡಬಾರದು. ಪ್ಯಾಡ್ ಗಂಟೆಗೊಂದರಂತೆ ತೊಯ್ದುಹೋಗುವುದು, ದೊಡ್ಡ ಹೆಪ್ಪುಗಳು ಬೀಳುವುದು, ಏಳು ದಿನ ದಾಟಿದರೂ ನಿಲ್ಲದಿರುವುದು, ಎರಡು ಮುಟ್ಟಿನ ನಡುವೆ ಅಥವಾ ಗಂಡಹೆಂಡಿರು ಕೂಡಿದ ಮೇಲೆ ರಕ್ತ ಕಾಣುವುದು. ಎಲ್ಲಕ್ಕಿಂತ ಮುಖ್ಯವಾದದ್ದು, ಹನ್ನೆರಡು ತಿಂಗಳು ನಿಂತುಹೋದ ಮೇಲೆ ಒಂದು ಹನಿಯಾದರೂ ಮತ್ತೆ ಕಾಣಿಸಿಕೊಳ್ಳುವುದು. ಬಹಳ ಸಲ ಕಾರಣ ಸಣ್ಣದೇ ಇರುತ್ತದೆ. ಆದರೆ ಗರ್ಭಕೋಶದ ಕ್ಯಾನ್ಸರಿನ ಮೊದಲ ಗುರುತೂ ಇದೇ ಆಗಿರಬಹುದು. "ಮತ್ತೆ ಮುಟ್ಟಾದೆ" ಎಂದು ಸಂತೋಷಪಡದೆ ಅದೇ ವಾರ ಆಸ್ಪತ್ರೆಗೆ ಹೋಗಬೇಕು. ಬೇಗ ಕಂಡರೆ ವಾಸಿಯಾಗುವ ಕಾಯಿಲೆ ಅದು.

ಕತ್ತರಿಗೆ ಮುನ್ನ ನಾಲ್ಕು ಪ್ರಶ್ನೆ

ತಡ ಮಾಡಿದರೆ ಅಪಾಯ ಎನ್ನುವುದು ಒಂದು ಕಡೆಯಾದರೆ, ಅವಸರ ಮಾಡಿದರೂ ಅಪಾಯ ಎನ್ನುವುದು ಇನ್ನೊಂದು ಕಡೆ. ಇದನ್ನು ನಮ್ಮ ರಾಜ್ಯದ ತಾಂಡಾಗಳ ಹೆಂಗಸರಷ್ಟು ಬಲ್ಲವರಿಲ್ಲ.

2015ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರ ಗರ್ಭಕೋಶ ತೆಗೆದ ಸಂಗತಿ ಹೊರಬಂತು. ಅವರಲ್ಲಿ ಹೆಚ್ಚಿನವರು ಲಂಬಾಣಿ ಮತ್ತು ದಲಿತ ಸಮುದಾಯದ ಬಡ ಕೂಲಿಕಾರರು. ಬಹಳ ಮಂದಿಗೆ ನಲವತ್ತು ಕೂಡ ತುಂಬಿರಲಿಲ್ಲ. ಹೊಟ್ಟೆನೋವು, ಬಿಳಿಸೆರಗು, ಬೆನ್ನುನೋವು ಎಂದು ಹೋದವರಿಗೆ ಕ್ಯಾನ್ಸರಿನ ಹೆದರಿಕೆ ಹಾಕಿ ಮೇಜಿನ ಮೇಲೆ ಮಲಗಿಸಿದ್ದರು ಎಂಬುದು ದೂರು. ಕರ್ನಾಟಕ ಜನಾರೋಗ್ಯ ಚಳವಳಿಯವರು ಹಳ್ಳಿಹಳ್ಳಿ ಸುತ್ತಿ ವಿವರ ಕೂಡಿಸಿದರು. ಸರ್ಕಾರ ನೇಮಿಸಿದ ಸಮಿತಿಯೂ ಅನಗತ್ಯ ಶಸ್ತ್ರಚಿಕಿತ್ಸೆ ನಡೆದಿರುವುದನ್ನು ಕಂಡಿತು. 2017ರಲ್ಲಿ ಆ ಹೆಂಗಸರೇ ಕಲಬುರಗಿಯಲ್ಲಿ ಬೀದಿಗಿಳಿದು ನ್ಯಾಯ ಕೇಳಿದರು. ಅದಕ್ಕೂ ಮೊದಲು ನಮ್ಮ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಬೀರೂರು ಸುತ್ತಲಿನ ತಾಂಡಾಗಳಿಂದಲೂ ಇಂಥದೇ ದೂರು ಎದ್ದಿತ್ತು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳಲ್ಲೂ ಹೀಗೆಯೇ ನಡೆದು ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಎಲ್ಲ ರಾಜ್ಯಗಳೂ ಅದನ್ನು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು ಆದೇಶಿಸಿತು. ಜಿಲ್ಲೆ, ರಾಜ್ಯ, ರಾಷ್ಟ್ರ ಮಟ್ಟದಲ್ಲಿ ನಿಗಾ ಸಮಿತಿಗಳಿರಬೇಕೆಂಬುದು ಆ ಮಾರ್ಗಸೂಚಿಯಲ್ಲಿದೆ.

ಮಕ್ಕಳಾದ ಮೇಲೆ ಗರ್ಭಕೋಶ ಬರೀ ಬೇಡದ ಚೀಲ ಎಂದು ಹೇಳುವುದುಂಟು. ಆ ಮಾತು ಸರಿಯಲ್ಲ. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದರೆ ಹತ್ತು ವರ್ಷದಲ್ಲಿ ಮೆಲ್ಲಗೆ ಆಗಬೇಕಾದ ಬದಲಾವಣೆ ಒಂದೇ ದಿನದಲ್ಲಿ ಆಗುತ್ತದೆ. ಮೂವತ್ತರ ಹೆಂಗಸಿಗೆ ಐವತ್ತರವಳ ಮೈಬಿಸಿ, ನಿದ್ದೆಗೇಡು, ಮೂಳೆಸವೆತ. ಹೃದಯಕ್ಕೂ ಅಪಾಯ ಹೆಚ್ಚು. ಅಂಡಾಶಯ ಉಳಿಸಿ ಗರ್ಭಕೋಶ ಮಾತ್ರ ತೆಗೆದರೂ ಋತುಬಂಧ ಒಂದೆರಡು ವರ್ಷವಾದರೂ ಮುಂಚೆ ಬರುವ ಸಂಭವವಿದೆ. ಮುಟ್ಟೇ ಇಲ್ಲದ್ದರಿಂದ ಬಂದದ್ದೂ ತಿಳಿಯುವುದಿಲ್ಲ. ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಮೆಕ್ಕೆಜೋಳದ ಹೊಲಕ್ಕೆ ಕೂಲಿಗೆ ಹೋಗುವ ಹೆಂಗಸಿಗೆ ಮೈಯೇ ಬಂಡವಾಳ. ಆ ಬಂಡವಾಳಕ್ಕೆ ಕೈ ಹಾಕುವ ಮುನ್ನ ಕೇಳಬೇಕಾದದ್ದು ಬಹಳ ಇದೆ.

ಹಾಗಾದರೆ ಗರ್ಭಕೋಶ ತೆಗೆಯಲೇಬಾರದೇ? ಹಾಗಲ್ಲ. ಕ್ಯಾನ್ಸರ್ ಇದ್ದರೆ, ದೊಡ್ಡ ಗಡ್ಡೆಗಳಿದ್ದರೆ, ಔಷಧಿಗೆ ಬಗ್ಗದ ರಕ್ತಸ್ರಾವವಿದ್ದರೆ, ಗರ್ಭಕೋಶ ಬಹಳ ಜಾರಿದ್ದರೆ ಆ ಶಸ್ತ್ರಚಿಕಿತ್ಸೆ ಜೀವ ಉಳಿಸುತ್ತದೆ. ಆದರೆ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. ನನಗಿರುವ ಕಾಯಿಲೆಯ ಹೆಸರೇನು, ಅದನ್ನು ಚೀಟಿಯಲ್ಲಿ ಬರೆದುಕೊಡುತ್ತೀರಾ? ಸ್ಕ್ಯಾನಿಂಗ್, ಪ್ಯಾಪ್ ಪರೀಕ್ಷೆ, ಗರ್ಭಕೋಶದ ಒಳಪದರದ ಪರೀಕ್ಷೆಯ ವರದಿ ಎಲ್ಲಿದೆ? ಮಾತ್ರೆಯಿಂದ ಅಥವಾ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನದಿಂದ ಗುಣವಾಗುವುದಿಲ್ಲವೇ? ಅಂಡಾಶಯಗಳನ್ನು ಉಳಿಸುತ್ತೀರಾ?

ತುರ್ತು ರಕ್ತಸ್ರಾವವಲ್ಲದಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಲು ಸಮಯವಿರುತ್ತದೆ. ನಮ್ಮ ಕಡೆಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ, ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ ಬಸ್ಸಿನ ದಾರಿಯಲ್ಲೇ ಇವೆ. ಗರ್ಭಕೋಶದ ಸಣ್ಣ ಗಡ್ಡೆಗಳು ಮುಟ್ಟು ನಿಂತ ಮೇಲೆ ತಾವಾಗಿಯೇ ಕುಗ್ಗುವುದು ಸಾಮಾನ್ಯ. ನಲವತ್ತೇಳರ ಹೆಂಗಸಿಗೆ "ಇನ್ನೊಂದೆರಡು ವರ್ಷ ಕಾದು ನೋಡೋಣ" ಎನ್ನುವುದೂ ಒಂದು ಚಿಕಿತ್ಸೆಯೇ.

ಮುಂಚಿತ ತಯಾರಿ

ನಿವೃತ್ತಿಯ ತಾರೀಖು ನೌಕರನಿಗೆ ಸೇರಿದ ದಿನವೇ ಗೊತ್ತಿರುತ್ತದೆ. ಭವಿಷ್ಯನಿಧಿ ತಿಂಗಳು ತಿಂಗಳೂ ಕಟ್ಟುತ್ತಾ ಬರುತ್ತಾನೆ. ಮೂಳೆಗೂ ಅಂಥದೇ ನಿಧಿ ಬೇಕು. ಈಸ್ಟ್ರೊಜೆನ್ ಇಳಿದ ಮೊದಲ ಐದಾರು ವರ್ಷ ಮೂಳೆ ಬೇಗ ಸವೆಯುತ್ತದೆ. ಅರವತ್ತೈದರಲ್ಲಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಳ್ಳುವ ಅಜ್ಜಿಯ ಕಥೆ ಶುರುವಾಗುವುದು ಅವಳ ನಲವತ್ತೈದರಲ್ಲಿ.

ಮುಟ್ಟು ನಿಂತವರಿಗೆ ದಿನಕ್ಕೆ ಸುಮಾರು 1,000ದಿಂದ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಹಿಟ್ಟಿನಲ್ಲಿ 300ಕ್ಕೂ ಹೆಚ್ಚು ಮಿಲಿಗ್ರಾಂ ಇರುತ್ತದೆ. ಎರಡು ಲೋಟ ಹಾಲು ಅಥವಾ ಮೊಸರಿನಿಂದ ಸುಮಾರು 480. ಇಲ್ಲಿಗೆ 780 ಆಯಿತು. ನುಗ್ಗೆಸೊಪ್ಪಿನ ಪಲ್ಯ, ಒಂದೆರಡು ಚಮಚ ಎಳ್ಳಿನ ಪುಡಿ ಸೇರಿದರೆ ಲೆಕ್ಕ ಮುಟ್ಟುತ್ತದೆ. ರಾಗಿಮುದ್ದೆ ನಮ್ಮ ಊಟವೇ, ಕೊರತೆ ಹಾಲಿನದು. ಡೇರಿಗೆ ಹಾಕಿದ ಮೇಲೆ ಉಳಿದದ್ದರಲ್ಲಿ ಗಂಡನಿಗೆ, ಮಕ್ಕಳಿಗೆ ಕೊಟ್ಟು ತಾನು ಕರಿಚಹಾ ಕುಡಿಯುವ ತಾಯಿಯ ಖಾತೆಗೆ ಜಮಾ ಆಗುವುದೇನು? ಬೇಳೆ, ಕಾಳು, ಮೊಟ್ಟೆ ಮಾಂಸಖಂಡಕ್ಕೆ ಬೇಕು. ಊಟದ ಜೊತೆಗೇ ಚಹಾ ಕುಡಿದರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. ಹೊಗೆಸೊಪ್ಪು ಬಿಡುವುದು ಬಾಯಿಗೂ ಹೃದಯಕ್ಕೂ ಒಳ್ಳೆಯದು.

ಹೊಲದಲ್ಲಿ ದುಡಿಯುವವರಿಗೆ ಬಿಸಿಲಿಗೂ ವ್ಯಾಯಾಮಕ್ಕೂ ಕೊರತೆಯಿಲ್ಲ, ಅವರಿಗೆ ಕೊರತೆ ವಿಶ್ರಾಂತಿಯದು. ಮನೆಯೊಳಗೆ, ಕಚೇರಿಯೊಳಗೆ ಕೂರುವವರು ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು, ಒಂದಿಷ್ಟು ಬಿಸಿಲು ಕಾಯಿಸಿಕೊಳ್ಳಬೇಕು. ಮೈಬಿಸಿ ಹೆಚ್ಚಿದ್ದವರು ಖಾರ, ಬಿಸಿ ಕಾಫಿ ಚಹಾ ಯಾವಾಗ ತೊಂದರೆ ಕೊಡುತ್ತದೆಂದು ಗಮನಿಸಿ ಕಡಿಮೆ ಮಾಡಲಿ. ಹತ್ತಿಯ ಬಟ್ಟೆ ಉಡಲಿ.

ಮೂವತ್ತು ದಾಟಿದವರಿಗೆ ಬಿ.ಪಿ., ಶುಗರ್, ಬಾಯಿ, ಸ್ತನ, ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಪಾಸಣೆ ಸರ್ಕಾರದ ಆರೋಗ್ಯ ಕಾರ್ಯಕ್ರಮದಲ್ಲೇ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ದಿನ ಎಲ್ಲಿ ಎಂದು ಹೇಳುತ್ತಾರೆ. ಹಿಮೋಗ್ಲೋಬಿನ್, ಥೈರಾಯ್ಡ್ ಕೂಡ ನೋಡಿಸಿಕೊಳ್ಳಿ.

ತೊಂದರೆ ತಡೆಯಲಾಗದಷ್ಟಿದ್ದರೆ ಹಾರ್ಮೋನ್ ಚಿಕಿತ್ಸೆ ಇದೆ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದ ನಂತರ ಲೋಕವೆಲ್ಲ ಅದಕ್ಕೆ ಹೆದರಿತು. ಆಮೇಲಿನ ವರ್ಷಗಳಲ್ಲಿ ಅದೇ ಅಂಕಿಗಳನ್ನು ವಯಸ್ಸಿನ ಪ್ರಕಾರ ಬಿಡಿಸಿ ನೋಡಿದಾಗ, ಅರವತ್ತರೊಳಗಿನ ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗಿನ ಆರೋಗ್ಯವಂತ ಹೆಂಗಸರಲ್ಲಿ ಹೆಚ್ಚಿನವರಿಗೆ ಅಪಾಯಕ್ಕಿಂತ ಲಾಭವೇ ಹೆಚ್ಚೆಂದು ತಿಳಿಯಿತು. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇದ್ದವರಿಗೆ ಅದು ಹೇಳಿದ್ದಲ್ಲ. ಹಾರ್ಮೋನ್ ಅಲ್ಲದ ಮಾತ್ರೆಗಳೂ ಇವೆ. ಯಾವುದು ಯಾರಿಗೆ ಎನ್ನುವುದು ಸ್ತ್ರೀರೋಗ ತಜ್ಞರು ಹೇಳಬೇಕಾದ ಮಾತು. ಔಷಧಿ ಅಂಗಡಿಯವನನ್ನೋ ಪಕ್ಕದ ಮನೆಯವರನ್ನೋ ಕೇಳಿ ನುಂಗುವುದಲ್ಲ. ಬೇಸರ ಬಹಳವಾಗಿ ಬದುಕೇ ಬೇಡವೆನಿಸಿದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಮನೆಯವರ ಪಾಲು

ಗಂಡಸರಿಗೆ ಒಂದು ಮಾತು. ಇಪ್ಪತ್ತೈದು ವರ್ಷ ಸಂಸಾರ ಮಾಡಿದವಳು ಒಮ್ಮೆಲೇ ಸಿಡುಕಿದರೆ "ಇವಳಿಗೇನೋ ಆಗಿದೆ" ಎಂದು ಜಗಲಿಗೆ ಹೋಗಿ ಕೂರಬೇಡಿ. ಹೌದು, ಆಗಿದೆ; ಏನಾಗಿದೆ ಎಂದು ಈಗ ಗೊತ್ತಲ್ಲ. ರಾತ್ರಿ ಫ್ಯಾನು ಹಾಕಿದರೆ ನೀವು ಕಂಬಳಿ ಹೊದೆಯಿರಿ. ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ, ಹೊರಗೆ ಬೀಡಿ ಸೇದುತ್ತಾ ನಿಲ್ಲದೆ ಒಳಗೆ ಕೂತು ಕೇಳಿಸಿಕೊಳ್ಳಿ. ನೋವಿದೆ ಎಂದರೆ ಮುನಿಸಿಕೊಳ್ಳಬೇಡಿ.

ಅತ್ತೆಯಂದಿರಿಗೆ ಇನ್ನೊಂದು. "ನಮಗೆಲ್ಲ ಇದ್ಯಾವುದೂ ಆಗಲಿಲ್ಲ" ಎಂದು ಸೊಸೆಗೆ ಹೇಳುವ ಮುನ್ನ ಒಂದು ಕ್ಷಣ ನೆನಪಿಸಿಕೊಳ್ಳಿ. ನಿಮಗೆ ಎಷ್ಟನೆಯ ವಯಸ್ಸಿನಲ್ಲಿ ನಿಂತಿತು ಎಂಬುದನ್ನು ನಿಮ್ಮ ಮಗಳಿಗೆ ಹೇಳಿ. ತಾಯಿಗೆ ನಿಂತ ವಯಸ್ಸಿನ ಆಸುಪಾಸಿನಲ್ಲೇ ಮಗಳಿಗೂ ನಿಲ್ಲುವುದು ಹೆಚ್ಚು. ಒಡವೆಗಿಂತ ಉಪಯೋಗದ ಬಳುವಳಿ ಆ ಒಂದು ಅಂಕಿ. ತಾಂಡಾದ ನಾಯಕ, ಕಾರಬಾರಿಗಳು, ಸ್ತ್ರೀಶಕ್ತಿ ಸಂಘದವರು ವರ್ಷಕ್ಕೊಮ್ಮೆ ನರ್ಸಮ್ಮನನ್ನು ಕರೆಸಿ ಈ ವಿಷಯ ಮಾತಾಡಿಸಬಹುದು. ಅಕ್ಟೋಬರ್ 18 ವಿಶ್ವ ಋತುಬಂಧ ದಿನ. ಅಂದೇ ಇಟ್ಟುಕೊಂಡರೆ ನೆನಪಿರುತ್ತದೆ.

ಕೊನೆಗೆ ಮಕ್ಕಳೇ, ನಿಮಗೆ. ಅಮ್ಮ ಇತ್ತೀಚೆಗೆ ಬೇಗ ಸಿಟ್ಟಾಗುತ್ತಾಳೆ, ಚಳಿಯಲ್ಲೂ ಬೆವರುತ್ತಾಳೆ, ಇಟ್ಟದ್ದು ಎಲ್ಲಿಟ್ಟೆ ಎಂದು ಮರೆಯುತ್ತಾಳೆ ಎಂದಾದರೆ ಅದಕ್ಕೆ ಕಾರಣ ನೀವಲ್ಲ, ನಿಮ್ಮ ಮೇಲಿನ ಪ್ರೀತಿ ಕಡಿಮೆಯಾದದ್ದೂ ಅಲ್ಲ. ನೀವು ಬೆಳೆಯುವಾಗ ನಿಮ್ಮ ಮೈ ಬದಲಾಗುತ್ತದೆಯಲ್ಲ, ಹಾಗೆಯೇ ಅವಳ ಮೈಯೂ ಬದಲಾಗುತ್ತಿದೆ. ಒಂದೇ ಮನೆಯಲ್ಲಿ ಮಗಳಿಗೆ ಮುಟ್ಟು ಶುರುವಾಗುವ ವರ್ಷವೇ ತಾಯಿಗೆ ನಿಲ್ಲತೊಡಗುವುದೂ ಉಂಟು. ಇಬ್ಬರಿಗೂ ಸಿಟ್ಟು ಮೂಗಿನ ತುದಿಯಲ್ಲಿ! ಒಂದು ಲೋಟ ನೀರು ತಂದುಕೊಡಿ, ಪಾತ್ರೆ ತೊಳೆದಿಡಿ, ರಾತ್ರಿ ಬೇಗ ಮಲಗಲು ಬಿಡಿ. ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸ ನಿಮ್ಮದಾಗಲಿ. ಎರಡು ತಾರೀಖಿನ ನಡುವೆ ಎಷ್ಟು ದಿನ ಎಂದು ಎಣಿಸುವ ಲೆಕ್ಕ ನಿಮಗೆ ಶಾಲೆಯಲ್ಲೇ ಕಲಿಸಿದ್ದಾರೆ. ಮನೆಯ ಕ್ಯಾಲೆಂಡರು ತೆಗೆದುಕೊಂಡು ಈ ತಿಂಗಳಿನಿಂದಲೇ ಶುರು ಮಾಡಿ.